ರನ್‌ವೇಯೇ ಆಗಬೇಕಾ?

ಅಮೆರಿಕದ ಸಿಯಾಟಲ್ ಆಸುಪಾಸಿನಲ್ಲಿ ಬೇಸ್‌ಬಾಲ್ ಆಡುತ್ತ ಬೆಳೆದ ಎಷ್ಟೋ ಹುಡುಗರಿಗೆ ಆಲ್ ಹೇನ್ಸ್ ಎಂದರೆ ಅಂಪೈರ್. ಲಿಟಲ್ ಲೀಗ್ ಎಂಬ ಮಕ್ಕಳ ಪಂದ್ಯಾವಳಿಯಲ್ಲಿ ಬಿಡಿಗಾಸು ಪಡೆಯದೆ ದಶಕಗಟ್ಟಲೆ ತೀರ್ಪುಗಾರಿಕೆ ಮಾಡಿದ ಮನುಷ್ಯ. ಹೈಸ್ಕೂಲಿನ ಫುಟ್‌ಬಾಲ್ ಪಂದ್ಯಗಳಿದ್ದರೆ ಮೈಕಿನ ಮುಂದೆ ಕೂರುತ್ತಿದ್ದವರೂ ಅವರೇ. ವಿಮಾನ ಹಾರಿಸುವುದು ಸಂಬಳದ ಕೆಲಸವಾಗಿತ್ತು. 1989ರ ಜುಲೈ 19ರ ಬುಧವಾರ ಮಧ್ಯಾಹ್ನದ 44 ನಿಮಿಷ ಅವರ ಬದುಕಿನಲ್ಲಿ ಬಾರದೇ ಹೋಗಿದ್ದರೆ ಆ ಮೈದಾನಗಳಾಚೆ ಅವರ ಹೆಸರು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹೇನ್ಸ್ ಹುಟ್ಟಿದ್ದು 1931ರ ಆಗಸ್ಟ್ 31ರಂದು, ಟೆಕ್ಸಸ್ ರಾಜ್ಯದ ಪ್ಯಾರಿಸ್ ಎಂಬ ಊರಿನಲ್ಲಿ. ಟೆಕ್ಸಸ್ ಎ ಅಂಡ್ ಎಂ ಕಾಲೇಜಿನ ಓದು ಮುಗಿಯುವ ಮೊದಲೇ, 1952ರಲ್ಲಿ, ಕೆಡೆಟ್ ಆಗಿ ನೌಕಾಪಡೆಯ ವಿಮಾನ ತರಬೇತಿಗೆ ಸೇರಿದರು. ಕೊರಿಯಾ ಯುದ್ಧ ಇನ್ನೂ ನಡೆದಿತ್ತು. ಮರೀನ್ ಕೋರ್‌ನ ಪೈಲಟ್ ಆಗಿ 1956ರವರೆಗೆ ಸೇವೆ ಸಲ್ಲಿಸಿ, ಅದೇ ವರ್ಷ ಯುನೈಟೆಡ್ ಏರ್‌ಲೈನ್ಸ್ ಸೇರಿದರು. ಅಲ್ಲಿ ಮೊದಲು ಸಿಕ್ಕಿದ್ದು ಪೈಲಟ್ ಕುರ್ಚಿಯಲ್ಲ, ಫ್ಲೈಟ್ ಎಂಜಿನಿಯರ್ ಕುರ್ಚಿ. ಸೇನೆಯಲ್ಲಿ ವಿಮಾನವನ್ನು ಕೈಯಾರೆ ಹಾರಿಸಿ ಬಂದವರು ಇಲ್ಲಿ ಮೀಟರುಗಳ ಮುಳ್ಳು ನೋಡುತ್ತ ಕೂರಬೇಕು. ಏರ್‌ಲೈನ್‌ಗಳಲ್ಲಿ ಪದಕ ನಡೆಯುವುದಿಲ್ಲ, ನಡೆಯುವುದು ಸೀನಿಯಾರಿಟಿ. ಹೇನ್ಸ್ ಸರದಿಯಲ್ಲಿ ನಿಂತೇ ಮೇಲೆ ಬಂದರು. 57ರ ವಯಸ್ಸಿಗೆ ಮೂರು ಎಂಜಿನ್ನಿನ ಡಿಸಿ-10ರ ಕ್ಯಾಪ್ಟನ್. ಯುನೈಟೆಡ್‌ನಲ್ಲಿ ಹಾರಿಸಿದ್ದೇ 30 ಸಾವಿರ ಗಂಟೆಯ ಹತ್ತಿರ ಬಂದಿತ್ತು.

ಆ ತಲೆಮಾರಿನ ಅಮೆರಿಕನ್ ಏರ್‌ಲೈನ್ ಪೈಲಟ್‌ಗಳಲ್ಲಿ ಬಹುಪಾಲು ಮಂದಿ ಸೇನೆಯಿಂದಲೇ ಬಂದವರು. ಅದರಿಂದ ಕಂಪನಿಗಳಿಗೆ ಒಳ್ಳೆಯದೇ ಆಯಿತು: ಸರ್ಕಾರದ ಖರ್ಚಿನಲ್ಲಿ ಪಳಗಿದ ಕೈಗಳು, ಶಿಸ್ತು, ಗಾಬರಿಯಾಗದ ತಲೆ. ಆದರೆ ಬ್ಯಾರಕ್ಕಿನಿಂದ ಇನ್ನೊಂದು ಅಭ್ಯಾಸವೂ ಜೊತೆಗೆ ಬಂತು. ಕ್ಯಾಪ್ಟನ್ ಹೇಳಿದ ಮೇಲೆ ಮುಗಿಯಿತು, ಪಕ್ಕದವನು ಬಾಯಿ ತೆರೆಯುವಂತಿಲ್ಲ.

ಅದಕ್ಕೆ ತೆತ್ತ ಬೆಲೆ 1978ರ ಡಿಸೆಂಬರ್ 28ರಂದು ಕಣ್ಣಿಗೆ ಕಂಡಿತು. ಪೋರ್ಟ್‌ಲ್ಯಾಂಡ್‌ನಲ್ಲಿ ಇಳಿಯಬೇಕಿದ್ದ ಯುನೈಟೆಡ್‌ನದೇ ಡಿಸಿ-8 ವಿಮಾನಕ್ಕೆ ಚಕ್ರಗಳು ಸರಿಯಾಗಿ ಕೂತಿವೆಯೋ ಇಲ್ಲವೋ ಎಂಬ ಅನುಮಾನ. ಕ್ಯಾಪ್ಟನ್ ಚಕ್ರದ ಚಿಂತೆಯಲ್ಲೇ ಊರಿನ ಸುತ್ತ ಗಿರಕಿ ಹೊಡೆಸಿದರು. ಇಂಧನ ಮುಗಿಯುತ್ತಿದೆ ಎಂಬುದು ಜೊತೆಗಿದ್ದವರಿಗೆ ಗೊತ್ತಿತ್ತು. ಸೂಚ್ಯವಾಗಿ ಹೇಳಿಯೂ ಹೇಳಿದರು. ಗಟ್ಟಿಯಾಗಿ ಹೇಳಲಿಲ್ಲ. ಎಂಜಿನ್‌ಗಳು ಒಂದೊಂದಾಗಿ ನಿಂತು ವಿಮಾನ ಊರಂಚಿನ ಮನೆಮರಗಳ ನಡುವೆ ಬಿತ್ತು, 10 ಮಂದಿ ಸತ್ತರು. ಹಾರಲು ಏನೂ ತೊಂದರೆಯಿಲ್ಲದ ವಿಮಾನವೊಂದು ಸಂಕೋಚದಿಂದ ಬಿದ್ದಿತು ಎಂದರೆ ತಪ್ಪಾಗಲಾರದು. ಇದಾದ ಮೇಲೆ ಯುನೈಟೆಡ್ ತನ್ನ ಪೈಲಟ್‌ಗಳನ್ನೆಲ್ಲ ಮತ್ತೆ ತರಗತಿಗೆ ಕೂರಿಸಿತು. ಕಿರಿಯರು ಬಾಯಿಬಿಟ್ಟು ಹೇಳುವುದನ್ನೂ ಹಿರಿಯರು ಕಿವಿಗೊಟ್ಟು ಕೇಳುವುದನ್ನೂ ಕಲಿಸುವ ಈ ಪಾಠಕ್ಕೆ ಇಂದು ಜಗತ್ತಿನಾದ್ಯಂತ ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಸಿಆರ್‌ಎಂ, ಎನ್ನುತ್ತಾರೆ. ಆಗ ಕೆಲವು ಹಳೇ ಕ್ಯಾಪ್ಟನ್‌ಗಳು ಮೂಗು ಮುರಿದರು. ಹೇನ್ಸ್ ಕಲಿತರು.

1989ರ ಆ ಜುಲೈ 19ರಂದು ಹೇನ್ಸ್‌ರ ವಿಮಾನ ಯುನೈಟೆಡ್ 232 ಡೆನ್ವರ್‌ನಿಂದ ಹೊರಟು ಶಿಕಾಗೋ ಮುಟ್ಟಿ, ಅಲ್ಲಿಂದ ಫಿಲಡೆಲ್ಫಿಯಾಗೆ ಹೋಗಬೇಕಿತ್ತು. ಪ್ರಯಾಣಿಕರು 285, ಸಿಬ್ಬಂದಿ 11. ಊಟ ಮುಗಿದು ಹೇನ್ಸ್ ಕಾಫಿ ಹಿಡಿದು ಕೂತಿದ್ದರು. ಹಾರಾಟದ ಹೊಣೆ ಸಹಪೈಲಟ್ ಬಿಲ್ ರೆಕಾರ್ಡ್ಸ್ ಕೈಯಲ್ಲಿತ್ತು. 3 ಗಂಟೆ 16 ನಿಮಿಷಕ್ಕೆ, 37 ಸಾವಿರ ಅಡಿ ಎತ್ತರದಲ್ಲಿ, ಬಾಂಬ್ ಬಿದ್ದಂತೆ ಸದ್ದಾಯಿತು. ಬಾಲದ ಬುಡದಲ್ಲಿದ್ದ ಎರಡನೇ ಎಂಜಿನ್ ಒಡೆದುಹೋಗಿತ್ತು.

ಎಂಜಿನ್ ಒಂದು ಹೋದರೆ ಡಿಸಿ-10ಕ್ಕೆ ಪ್ರಾಣಭಯವೇನೂ ಇಲ್ಲ. ಇನ್ನೆರಡು ಇರುತ್ತವೆ. ಹೇನ್ಸ್ ಮತ್ತು ಫ್ಲೈಟ್ ಎಂಜಿನಿಯರ್ ಡಡ್ಲಿ ಡ್ವೊರಾಕ್ ಪಟ್ಟಿ ಹಿಡಿದು ಎಂಜಿನ್ ಆರಿಸುವ ಕೆಲಸ ಶುರುಮಾಡಿದರು. ಅಷ್ಟರಲ್ಲಿ ರೆಕಾರ್ಡ್ಸ್ ಸ್ಟಿಯರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿ ಹಿಡಿದಿದ್ದರೂ ವಿಮಾನ ಬಲಕ್ಕೆ ವಾಲುತ್ತಲೇ ಇತ್ತು. ಕ್ಯಾಪ್ಟನ್ ಗತ್ತಿನಿಂದ ‘ಕೊಡು ಇಲ್ಲಿ’ ಎಂದು ಹಿಡಿದುಕೊಂಡೆ, ಹಿಡಿದ ಮೇಲೆ ಗೊತ್ತಾಯಿತು, ಅದು ಕೆಲಸ ಮಾಡುತ್ತಿಲ್ಲ ಅಂತ — ಈ ಗಳಿಗೆಯನ್ನು ಮುಂದೆ ಹೇನ್ಸ್ ಹೀಗೆ ನಗಿಸುತ್ತ ಹೇಳುತ್ತಿದ್ದರು. ದೊಡ್ಡ ವಿಮಾನದ ರೆಕ್ಕೆ, ಬಾಲಗಳ ಹಲಗೆಗಳು ಅಲುಗುವುದು ಹೈಡ್ರಾಲಿಕ್ ಎಣ್ಣೆಯ ಒತ್ತಡದಿಂದ. ಅದಕ್ಕಾಗಿ ಡಿಸಿ-10ರಲ್ಲಿ ಒಂದಲ್ಲ, ಮೂರು ಪ್ರತ್ಯೇಕ ವ್ಯವಸ್ಥೆಗಳಿದ್ದವು. ಮೂರೂ ಒಟ್ಟಿಗೆ ಕೆಡುವ ಸಾಧ್ಯತೆ ನೂರು ಕೋಟಿಗೆ ಒಂದು ಎಂದು ತಯಾರಕರ ಲೆಕ್ಕ. ಆದರೆ ಮೂರರ ಕೊಳವೆಗಳೂ ಬಾಲದಲ್ಲಿ ಹತ್ತಿರ ಹತ್ತಿರ ಹಾದುಹೋಗಿದ್ದವು, ಎಂಜಿನ್ನಿನ ಚೂರುಗಳು ಮೂರನ್ನೂ ಕತ್ತರಿಸಿದ್ದವು. ಎಣ್ಣೆಯ ಮೂರು ಮಾಪಕಗಳಲ್ಲೂ ಸೊನ್ನೆ.

ಡ್ವೊರಾಕ್ ರೇಡಿಯೊದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಂಪನಿ ತಜ್ಞರನ್ನು ಹಿಡಿದು ಪರಿಹಾರ ಕೇಳಿದರು. ಮೂರೂ ಹೋಗಿವೆಯೇ ಎಂದು ಅವರು ಮತ್ತೆ ಮತ್ತೆ ಕೇಳಿದರು. ಹೌದು, ಮೂರೂ ಹೋಗಿವೆ ಎಂದು ಇವರು ಮತ್ತೆ ಮತ್ತೆ ಹೇಳಿದರು. ಅಂಥದ್ದೊಂದು ಸಂದರ್ಭಕ್ಕೆ ಪುಸ್ತಕದಲ್ಲಿ ಪುಟವೇ ಇರಲಿಲ್ಲ.

ವಿಮಾನ 38 ಡಿಗ್ರಿ ವಾಲಿದಾಗ ಹೇನ್ಸ್ ಎಡ ಎಂಜಿನ್ನಿನ ಶಕ್ತಿ ತಗ್ಗಿಸಿ ಬಲದ್ದನ್ನು ಪೂರ್ತಿ ಏರಿಸಿದರು. ಬಲ ರೆಕ್ಕೆ ನಿಧಾನಕ್ಕೆ ಮೇಲೆ ಬಂತು. ಜೋಡೆತ್ತಿನ ಗಾಡಿ ಹೊಡೆದವರಿಗೆ ಈ ಉಪಾಯ ಹೊಸದಲ್ಲ: ಬಲದ ಎತ್ತನ್ನು ಚುರುಕು ಮಾಡಿ ಎಡದ್ದನ್ನು ಹಿಡಿದರೆ ಗಾಡಿ ಎಡಕ್ಕೆ ತಿರುಗುತ್ತದೆ. ಆದರೆ ಇಲ್ಲಿ ಹಗ್ಗ ಎಳೆದ ಎಷ್ಟೋ ಹೊತ್ತಿನ ಮೇಲೆ ಪರಿಣಾಮ ಕಾಣುತ್ತಿತ್ತು. ಜೊತೆಗೆ ವಿಮಾನದ ಮೂಗು ತನ್ನಷ್ಟಕ್ಕೆ ಏರುವುದು, ಇಳಿಯುವುದು. ಅಂಥ ಒಂದೊಂದು ಅಲೆಯಲ್ಲೂ ಎತ್ತರ ಕರಗುತ್ತಿತ್ತು.

ಪ್ರಯಾಣಿಕರ ನಡುವೆ ಡೆನ್ನಿ ಫಿಚ್ ಎಂಬವರಿದ್ದರು. ಯುನೈಟೆಡ್‌ನಲ್ಲಿ ಡಿಸಿ-10 ಪೈಲಟ್‌ಗಳಿಗೆ ತರಬೇತಿ ಕೊಡುವ ಕ್ಯಾಪ್ಟನ್, ಅಂದು ಮನೆಗೆ ಹೊರಟವರು. 1985ರಲ್ಲಿ ಜಪಾನ್ ಏರ್‌ಲೈನ್ಸ್‌ನ ಜಂಬೋ ವಿಮಾನ ಹೀಗೆಯೇ ಹೈಡ್ರಾಲಿಕ್ ಕಳೆದುಕೊಂಡು ಬೆಟ್ಟಕ್ಕೆ ಬಡಿದು 520 ಜನ ಸತ್ತಿದ್ದರು. ಬರೀ ಎಂಜಿನ್‌ಗಳಿಂದ ವಿಮಾನ ನಡೆಸಲು ಆಗುತ್ತದೆಯೇ ಎಂದು ಫಿಚ್ ಆ ಅಪಘಾತದ ನಂತರ ಸಿಮ್ಯುಲೇಟರ್‌ನಲ್ಲಿ ಕೈಯಾಡಿಸಿ ನೋಡಿದ್ದರು. ಅಂಥವರು ಅದೇ ವಿಮಾನದಲ್ಲಿ ಕೂತಿದ್ದದ್ದನ್ನು ದೈವ ಎನ್ನುವವರು ಎನ್ನಲಿ. ಅವರು ತಾವಾಗಿ ಸಹಾಯಕ್ಕೆ ಬರುತ್ತೇನೆ ಎಂದು ಹೇಳಿಕಳಿಸಿದಾಗ ಹೇನ್ಸ್ ಹಿಂದೆಮುಂದೆ ನೋಡದೆ ಒಳಗೆ ಕರೆದರು. ಅದನ್ನಂತೂ ದೈವದ ಲೆಕ್ಕಕ್ಕೆ ಬರೆಯಲಾಗದು.

ಫಿಚ್ ಇಬ್ಬರು ಪೈಲಟ್‌ಗಳ ನಡುವೆ ಮಂಡಿಯೂರಿ, ಒಂದೊಂದು ಕೈಯಲ್ಲಿ ಒಂದೊಂದು ಥ್ರಾಟಲ್ ಹಿಡಿದರು. ಎಡಗೈಯಲ್ಲಿ ಎಡ ಎಂಜಿನ್, ಬಲಗೈಯಲ್ಲಿ ಬಲ ಎಂಜಿನ್, ನಡುವೆ ಸತ್ತ ಎಂಜಿನ್ನಿನ ಸನ್ನೆ. ಹೇನ್ಸ್ ಮತ್ತು ರೆಕಾರ್ಡ್ಸ್ ಎಷ್ಟು ಬೇಕೆಂದು ಹೇಳುವುದು, ಫಿಚ್ ಕೊಡುವುದು. ಒಂದಿಷ್ಟು ಹೊತ್ತು ಹೀಗೆ ನಡೆದ ಮೇಲೆ ಯಾರಿಗೋ ನೆನಪಾಯಿತು, ಪರಸ್ಪರ ಹೆಸರೇ ಗೊತ್ತಿಲ್ಲ. ಬೀಳುತ್ತಿರುವ ವಿಮಾನದಲ್ಲಿ ನನ್ನ ಹೆಸರು ಆಲ್ ಹೇನ್ಸ್, ಹಾಯ್ ಆಲ್, ನಾನು ಡೆನ್ನಿ ಫಿಚ್ ಎಂದು ಪರಿಚಯ ಮಾಡಿಕೊಂಡದ್ದು ಕಾಕ್‌ಪಿಟ್‌ನ ಧ್ವನಿಮುದ್ರಿಕೆಯಲ್ಲಿದೆ. ಇದೆಲ್ಲ ಮುಗಿದ ಮೇಲೆ ಒಂದು ಬಿಯರ್ ಕುಡಿಯೋಣ ಎಂದು ಫಿಚ್ ಅಂದದ್ದೂ, ನಾನು ಕುಡಿಯುವವನಲ್ಲ, ಆದರೆ ಇವತ್ತು ಖಂಡಿತ ಕುಡಿಯುತ್ತೇನೆ ಎಂದು ಹೇನ್ಸ್ ಅಂದದ್ದೂ ಅದರಲ್ಲೇ ಇದೆ.

ಅಯೋವಾ ರಾಜ್ಯದ ಸೂ ಸಿಟಿಯ ನಿಲ್ದಾಣದತ್ತ ಬಹುತೇಕ ಬಲ ತಿರುವುಗಳಲ್ಲೇ ಸುತ್ತು ಹಾಕುತ್ತ ಹೋದರು. ಏನೇ ಮಾಡಿ, ನಮ್ಮನ್ನು ಊರಿನಿಂದ ದೂರ ಇಡಿ ಎಂದು ಹೇನ್ಸ್ ನಿಯಂತ್ರಣ ಗೋಪುರಕ್ಕೆ ಹೇಳಿದರು. ಅಲ್ಲಿದ್ದ ಕಂಟ್ರೋಲರ್ ಕೆವಿನ್ ಬಾಕ್‌ಮನ್ ಕೊನೆಯವರೆಗೂ ದನಿ ನಡುಗಿಸಲಿಲ್ಲ. ಯಾವ ರನ್‌ವೇಯಲ್ಲಿ ಬೇಕಾದರೂ ಇಳಿಯಬಹುದು ಎಂದು ಅವರು ಅನುಮತಿ ಕೊಟ್ಟಾಗ ಹೇನ್ಸ್ ನಕ್ಕು ಕೇಳಿದರು: ‘ಓಹೋ, ರನ್‌ವೇಯೇ ಆಗಬೇಕು ಅಂತೀರಾ?’

ಕೊನೆಗೆ ಎದುರಾದದ್ದು ಸಿದ್ಧಪಡಿಸಿದ್ದ ರನ್‌ವೇಯಲ್ಲ, ಬಳಕೆ ನಿಲ್ಲಿಸಿದ್ದ 22ನೇ ರನ್‌ವೇ. ಅದರ ಮೇಲೆ ಅಗ್ನಿಶಾಮಕ ವಾಹನಗಳು ನಿಂತಿದ್ದವು. ಎದ್ದುಬಿದ್ದು ಅವನ್ನು ತೆಗೆಸಿದರು. ರೆಕ್ಕೆಯ ಹಲಗೆಗಳು ತೆರೆಯದ್ದರಿಂದ ವೇಗ ತಗ್ಗಿಸುವಂತಿರಲಿಲ್ಲ: ಸುಮಾರು 140 ನಾಟ್‌ನಲ್ಲಿ ನೆಲ ಮುಟ್ಟಬೇಕಾದ ವಿಮಾನ 215 ನಾಟ್‌ನಲ್ಲಿ ಬರುತ್ತಿತ್ತು, ಮಾಮೂಲಿಗಿಂತ ಐದಾರು ಪಟ್ಟು ರಭಸದಲ್ಲಿ ಕೆಳಗಿಳಿಯುತ್ತಿತ್ತು. ಇನ್ನೇನು ನೆಲ ಎನ್ನುವಾಗ ಥ್ರಾಟಲ್ ಮುಚ್ಚುವ ಮಾತು ಬಂತು. ಫಿಚ್ ಒಪ್ಪಲಿಲ್ಲ. ಮುಚ್ಚಿದರೆ ಹಿಡಿತವೇ ಹೋಗುತ್ತದೆ, ತಿರುಗಿಸುತ್ತಿರುವುದೇ ಅದು ಎಂದರು. ಆ ಕಾಕ್‌ಪಿಟ್‌ಗೆ ಹೊರಗಿನಿಂದ ಬಂದು ಮಂಡಿಯೂರಿದ ಮನುಷ್ಯ ಆಗುವುದಿಲ್ಲ ಎಂದ, ಉಳಿದವರು ಕೇಳಿದರು. ಹತ್ತು ವರ್ಷ ಹಿಂದಿನ ಪೋರ್ಟ್‌ಲ್ಯಾಂಡ್ ಕಾಕ್‌ಪಿಟ್‌ನಲ್ಲಿ ಇಲ್ಲದೇ ಹೋದದ್ದು ಇದೇ.

ಸರಿಯಾಗಿ 4 ಗಂಟೆಗೆ ಬಲ ರೆಕ್ಕೆ ಮೊದಲು ನೆಲಕ್ಕೆ ತಾಗಿತು. ವಿಮಾನ ಮುರಿದು, ಹೊತ್ತಿ, ಮಗುಚಿ ಜೋಳದ ಹೊಲಕ್ಕೆ ನುಗ್ಗಿತು. ಮುರಿದು ಬಿದ್ದ ಕಾಕ್‌ಪಿಟ್ ಸೊಂಟದೆತ್ತರದ ಲೋಹದ ಮುದ್ದೆಯಾಗಿತ್ತು. ಅದರೊಳಗೆ ಮನುಷ್ಯರಿರಬಹುದೆಂದು ರಕ್ಷಣೆಗೆ ಬಂದವರಿಗೆ ಅನ್ನಿಸಲೇ ಇಲ್ಲ. ಅರ್ಧ ಗಂಟೆಗೂ ಹೆಚ್ಚು ಹೊತ್ತಿನ ಮೇಲೆ ಅದರಿಂದ ನಾಲ್ವರನ್ನೂ ಜೀವಂತ ತೆಗೆದರು. ಒಟ್ಟು 296 ಜನರಲ್ಲಿ 184 ಮಂದಿ ಬದುಕಿದರು, 112 ಮಂದಿ ಸತ್ತರು.

ಈ ಎರಡು ಸಂಖ್ಯೆಗಳ ನಡುವೆ ಹೇನ್ಸ್ ಉಳಿದ 30 ವರ್ಷ ಬದುಕಿದರು. ಪತ್ರಿಕೆಗಳು ಮೊದಲನೆಯದನ್ನು ನೋಡಿ ಹೀರೋ ಎಂದವು, ಅವರು ಎರಡನೆಯದನ್ನು ಮರೆಯಲಿಲ್ಲ. ಬದುಕುಳಿದವರ ತಪ್ಪಿತಸ್ಥ ಭಾವನೆ ಎಂಬುದು ತಮಗೂ ಇತ್ತು, ಅದಕ್ಕೆ ಮನೋವೈದ್ಯಕೀಯ ನೆರವು ಪಡೆದೆ ಎಂದು ಹೇಳಿಕೊಳ್ಳಲು ಅವರು ಹಿಂಜರಿಯುತ್ತಿರಲಿಲ್ಲ. ಆ ಕಾಲದ ಮಾಜಿ ಮರೀನ್ ಒಬ್ಬ ಸಭೆಯಲ್ಲಿ ನಿಂತು ಹೀಗೆ ಹೇಳುವುದು ಸಣ್ಣ ಮಾತಲ್ಲ. ಕೆಲವೇ ತಿಂಗಳಲ್ಲಿ ಮತ್ತೆ ವಿಮಾನ ಹತ್ತಿದರು. 1991ರಲ್ಲಿ, ಆಗಿನ ನಿಯಮದಂತೆ 60 ತುಂಬುತ್ತಿದ್ದಂತೆ, ನಿವೃತ್ತರಾದರು. ಮರುವರ್ಷ ಬಂದ ಟೆಲಿವಿಷನ್ ಚಿತ್ರದಲ್ಲಿ ಹೇನ್ಸ್ ಪಾತ್ರ ಮಾಡಿದ್ದು ‘ಬೆನ್‌ಹರ್’ ಖ್ಯಾತಿಯ ಚಾರ್ಲ್‌ಟನ್ ಹೆಸ್ಟನ್.

ನಿವೃತ್ತಿಯ ನಂತರ ಸಾವಿರಕ್ಕೂ ಹೆಚ್ಚು ಕಡೆ ಭಾಷಣ ಮಾಡಿದರು. ಎಲ್ಲ ಕಡೆಯೂ ಐದು ಸಂಗತಿಗಳ ಸುತ್ತಲೇ ಮಾತು: ಅದೃಷ್ಟ, ಸಂವಹನ, ಸಿದ್ಧತೆ, ಕಾರ್ಯನಿರ್ವಹಣೆ, ಸಹಕಾರ. ಮ್ಯಾನೇಜ್‌ಮೆಂಟ್ ಗುರುಗಳ ಬಾಯಲ್ಲಿ ಇಂಥ ಪಟ್ಟಿ ಕೇಳಿ ನಮಗೆ ಸಾಕಾಗಿದೆ, ನಿಜ. ಆದರೆ ಹೇನ್ಸ್ ಪ್ರತಿಯೊಂದಕ್ಕೂ ಪುರಾವೆ ಇಡುತ್ತಿದ್ದರು. ಆ ಸೀಮೆಯಲ್ಲಿ ಜುಲೈ ಎಂದರೆ ಗುಡುಗು ಮಳೆಯ ಕಾಲ. ಅಂದು ಆಕಾಶ ಶುಭ್ರವಾಗಿತ್ತು. ಆಸ್ಪತ್ರೆಗಳಲ್ಲಿ ಪಾಳಿ ಬದಲಾಗುವ ಹೊತ್ತು, ಹಾಗಾಗಿ ಎರಡು ಪಾಳಿಯ ವೈದ್ಯರು, ದಾದಿಯರೂ ಸಿಕ್ಕರು. ನಿಲ್ದಾಣದಲ್ಲೇ ನೆಲೆಯಿದ್ದ ಅಯೋವಾ ಏರ್ ನ್ಯಾಷನಲ್ ಗಾರ್ಡ್‌ನ 285 ಮಂದಿ ಅಂದು ಕೆಲಸದ ಮೇಲಿದ್ದರು. ಇವು ಅದೃಷ್ಟ. ಆದರೆ ಎರಡು ವರ್ಷ ಮೊದಲೇ, ದೊಡ್ಡ ವಿಮಾನವೊಂದು ಇದೇ ಊರಲ್ಲಿ ಬಿದ್ದರೆ ಏನು ಮಾಡಬೇಕು ಎಂದು ಊರಿನವರು ಅಣಕು ಕಾರ್ಯಾಚರಣೆ ಮಾಡಿದ್ದರು. ಅಂಥ ದೊಡ್ಡ ವಿಮಾನಗಳು ಸೂ ಸಿಟಿಗೆ ಬರುತ್ತಲೇ ಇರಲಿಲ್ಲ. ಆದರೂ ಅಭ್ಯಾಸ ಮಾಡಿದ್ದ ಆ ಊರಿನ ತುರ್ತುಸೇವೆಯವರಿಗೆ ಹೇನ್ಸ್ ಕೊಡುತ್ತಿದ್ದ ಶ್ರೇಯಸ್ಸು ಅವರ ಬಾಯಿಂದ ತಮಗೇ ಎಂದೂ ಸಿಗಲಿಲ್ಲ.

ಕಾಕ್‌ಪಿಟ್‌ನಲ್ಲಿದ್ದ ನಾಲ್ವರ ಅನುಭವ ಕೂಡಿದರೆ 103 ವರ್ಷವಾಗುತ್ತಿತ್ತು, ಆದರೆ ಹೀಗೆ ವಿಮಾನ ಇಳಿಸಿದ ಅನುಭವ ಯಾರಿಗೂ ಒಂದು ನಿಮಿಷದ್ದೂ ಇರಲಿಲ್ಲ, ಹಾಗಿರುವಾಗ ಕ್ಯಾಪ್ಟನ್‌ಗೆ ಎಲ್ಲ ಗೊತ್ತಿದೆ ಎಂದು ಏಕೆ ಅಂದುಕೊಳ್ಳಬೇಕು ಎಂಬುದು ಅವರ ವಾದ. ಎಲ್ಲರ ಮಾತಿಗೂ ಜಾಗ ಕೊಡದಿದ್ದರೆ ನಾವು ಅಲ್ಲಿಯವರೆಗೆ ತಲುಪುತ್ತಲೇ ಇರಲಿಲ್ಲ ಎನ್ನುತ್ತಿದ್ದರು.

ಇದು ಕನ್ನಡನಾಡಿಗೆ ದೂರದ ಮಾತಲ್ಲ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು, 8 ಮಂದಿ ಮಾತ್ರ ಉಳಿದರು. ಇಳಿಯುವ ಕ್ರಮ ತಪ್ಪಿದೆ, ಮತ್ತೆ ಮೇಲಕ್ಕೇರೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದ್ದರೂ ಕ್ಯಾಪ್ಟನ್ ಕಿವಿಗೆ ಹಾಕಿಕೊಳ್ಳಲಿಲ್ಲವೆಂದು ತನಿಖಾ ವರದಿ ಹೇಳಿತು. ಸಿಆರ್‌ಎಂ ತರಗತಿಗಳು ಅಷ್ಟುಹೊತ್ತಿಗೆ ಎಲ್ಲ ಏರ್‌ಲೈನ್‌ಗಳಲ್ಲೂ ಕಡ್ಡಾಯವಾಗಿದ್ದವು. ತರಗತಿಯಲ್ಲಿ ಕೂರುವುದು ಬೇರೆ, ಇನ್ನೊಬ್ಬರ ಮಾತಿಗೆ ಕೈ ತಡೆಯುವುದು ಬೇರೆ.

232ರ ತನಿಖೆಯ ಕತೆ ಸಂಕ್ಷಿಪ್ತ, ಆದರೆ ಕಹಿ. ಒಡೆದದ್ದು ಎಂಜಿನ್ನಿನ ಮುಂಭಾಗದ ಟೈಟಾನಿಯಂ ಫ್ಯಾನ್ ಡಿಸ್ಕ್. 1971ರಲ್ಲಿ ಅದನ್ನು ತಯಾರಿಸುವಾಗಲೇ ಲೋಹದಲ್ಲೊಂದು ಸೂಕ್ಷ್ಮ ದೋಷ ಸೇರಿಕೊಂಡಿತ್ತು. ಅಲ್ಲಿಂದ ಬಿರುಕು ವರ್ಷಗಟ್ಟಲೆ ಬೆಳೆದು, ಯುನೈಟೆಡ್‌ನ ತಪಾಸಣೆಯಲ್ಲಿ ಕಾಣಬಹುದಾದಷ್ಟಾದ ಮೇಲೂ ಕಣ್ಣುತಪ್ಪಿತ್ತು. ಆಕಾಶದಿಂದ ಬಿದ್ದ ಡಿಸ್ಕ್ ಮೂರು ತಿಂಗಳ ನಂತರ ಸುಗ್ಗಿಯಲ್ಲಿ ಜೋಳ ಕೊಯ್ಯುವಾಗ ಹೊಲದಲ್ಲಿ ಸಿಕ್ಕಿತು. ಪೈಲಟ್‌ಗಳ ಬಗ್ಗೆ ತನಿಖಾ ಮಂಡಳಿಗೆ ಹೇಳಲು ಹೊಗಳಿಕೆಯ ಹೊರತು ಬೇರೇನೂ ಇರಲಿಲ್ಲ. ಅದೇ ಸ್ಥಿತಿಯನ್ನು ಸಿಮ್ಯುಲೇಟರ್‌ನಲ್ಲಿ ಇಟ್ಟು ಬೇರೆ ಪೈಲಟ್‌ಗಳಿಂದ ಪ್ರಯತ್ನ ಮಾಡಿಸಿದಾಗ, ಸುರಕ್ಷಿತವಾಗಿ ಇಳಿಸುವುದನ್ನು ತರಬೇತಿಯಿಂದ ಕಲಿಸಲಾಗದು ಎಂಬ ತೀರ್ಮಾನಕ್ಕೆ ಬಂದರು.

ಪೈಲಟ್‌ಗೆ ಕಲಿಸಲಾಗದ್ದನ್ನು ಕಂಪ್ಯೂಟರ್‌ಗೆ ಕಲಿಸಬಹುದೇ? ನಾಸಾ ಎಂಜಿನಿಯರ್‌ಗಳು ಎಂಜಿನ್‌ಗಳಿಂದಲೇ ವಿಮಾನ ನಡೆಸುವ ತಂತ್ರಾಂಶ ಬರೆದರು. 1995ರ ಆಗಸ್ಟ್‌ನಲ್ಲಿ ಮಾಜಿ ಗಗನಯಾತ್ರಿ ಗಾರ್ಡನ್ ಫುಲರ್‌ಟನ್ ಅದರ ನೆರವಿನಿಂದ ಡಿಸಿ-10ರ ಮುಂದಿನ ತಲೆಮಾರಿನ ಎಂಡಿ-11 ವಿಮಾನವನ್ನು ರನ್‌ವೇಯಲ್ಲಿ ನಯವಾಗಿ ಇಳಿಸಿಯೂ ತೋರಿಸಿದರು. ಏರ್‌ಲೈನ್‌ಗಳು ಅದನ್ನು ಕೊಳ್ಳಲಿಲ್ಲ. ಎಂಟು ವರ್ಷದ ನಂತರ ಬಾಗ್ದಾದ್‌ನಲ್ಲಿ ಕ್ಷಿಪಣಿ ತಗುಲಿ ಹೈಡ್ರಾಲಿಕ್ ಪೂರ್ತಿ ಕಳೆದುಕೊಂಡ ಡಿಎಚ್‌ಎಲ್ ಸರಕು ವಿಮಾನವನ್ನು ಅದರ ಮೂವರು ಸಿಬ್ಬಂದಿ ಮತ್ತೆ ಕೈಯಿಂದಲೇ, ಥ್ರಾಟಲ್‌ಗಳಿಂದಲೇ ಇಳಿಸಿ ಬದುಕಿಕೊಂಡರು.

232ರಲ್ಲಿ ಮಕ್ಕಳು ಬಹಳ ಮಂದಿ ಇದ್ದರು. ಟಿಕೆಟ್ ಇಲ್ಲದೆ ಮಡಿಲಲ್ಲಿ ಕೂತಿದ್ದ ಕೂಸುಗಳೂ ನಾಲ್ಕಿದ್ದವು. ಅವನ್ನು ಕಾಲಬುಡದಲ್ಲಿ ನೆಲದ ಮೇಲೆ ಮಲಗಿಸಿ ಹಿಡಿದುಕೊಳ್ಳಿ ಎಂದು ನಿಯಮದಂತೆ ತಾಯಂದಿರಿಗೆ ಹೇಳಿದವರು ಮುಖ್ಯ ಗಗನಸಖಿ ಜಾನ್ ಬ್ರೌನ್. ಅಷ್ಟು ರಭಸದಲ್ಲಿ ಯಾವ ತಾಯಿಯ ಕೈಗೂ ಹಿಡಿಯುವ ಶಕ್ತಿ ಇರುವುದಿಲ್ಲ. ಒಂದು ಕೂಸು ಸತ್ತಿತು. ಅಂದಿನಿಂದ ಜಾನ್ ಬ್ರೌನ್, ಕೂಸುಗಳಿಗೂ ಪ್ರತ್ಯೇಕ ಸೀಟು ಕಡ್ಡಾಯ ಮಾಡಿ ಎಂದು ಸರ್ಕಾರದ ಬಾಗಿಲು ತಟ್ಟುತ್ತ ಬಂದರು. ಎರಡು ವರ್ಷದೊಳಗಿನ ಮಗು ಇಂದಿಗೂ ಅಮೆರಿಕದಲ್ಲೂ ನಮ್ಮಲ್ಲೂ ಮಡಿಲಲ್ಲೇ ಹಾರುತ್ತದೆ.

ಹೇನ್ಸ್‌ರ ಮುಂದಿನ ಬದುಕು ಸುಲಭದ್ದಾಗಿರಲಿಲ್ಲ. 1990ರ ದಶಕ ಮುಗಿಯುವುದರೊಳಗೆ ಒಬ್ಬ ಮಗನನ್ನೂ ಹೆಂಡತಿಯನ್ನೂ ಕಳೆದುಕೊಂಡರು. ಆಮೇಲೆ ಮಗಳಿಗೆ ಅಸ್ಥಿಮಜ್ಜೆ ಕಸಿಯ ಅಗತ್ಯ ಬಿತ್ತು, ಅದರ ಪೂರ್ತಿ ವೆಚ್ಚ ವಿಮೆಯಿಂದ ಬರುವಂತಿರಲಿಲ್ಲ. ಸುದ್ದಿ ಹರಡಿದಾಗ ಹಣ ಕಳಿಸಿದ ಅಪರಿಚಿತರ ನಡುವೆ, ಸೂ ಸಿಟಿಯ ಆ ಜೋಳದ ಹೊಲದಿಂದ ಎದ್ದು ಬಂದವರೂ ಇದ್ದರು. ಡೆನ್ನಿ ಫಿಚ್ 2012ರಲ್ಲಿ ಮೆದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಹೇನ್ಸ್ ತೀರಿಕೊಂಡದ್ದು 2019ರ ಆಗಸ್ಟ್ 25ರಂದು, ಸಿಯಾಟಲ್‌ನ ಆಸ್ಪತ್ರೆಯಲ್ಲಿ. 88 ತುಂಬಲು ಆರು ದಿನ ಬಾಕಿಯಿತ್ತು.